ಟೊರೊಂಟೊದಲ್ಲಿ ದುಂದುವೆಚ್ಚದ ಬೇಟೆ

2010ರ ಅಕ್ಟೋಬರ್. ಕೆನಡಾದ ಅತಿ ದೊಡ್ಡ ನಗರ ಟೊರೊಂಟೊದಲ್ಲಿ ಮೇಯರ್ ಚುನಾವಣೆ. ಅಭ್ಯರ್ಥಿ ರಾಬ್ ಫೋರ್ಡ್ ಊರೆಲ್ಲ ಸಾರಿದ್ದು ಒಂದೇ ಮಾತು: ಪಾಲಿಕೆಯ ದುಂದುವೆಚ್ಚಕ್ಕೆ ಕಡಿವಾಣ. ಯಾವ ಸೇವೆಗೂ ಕತ್ತರಿ ಬೀಳದು ಎಂಬ ಭರವಸೆಯೂ ಜೊತೆಗಿತ್ತು. ಜನ ನಂಬಿದರು, ಗೆಲ್ಲಿಸಿದರು.

ಶುರುವಾದದ್ದು ಪಾಲಿಕೆ ಸದಸ್ಯರ ಕಚೇರಿ ಖರ್ಚಿನಿಂದ. ತಲಾ ಸುಮಾರು 50 ಸಾವಿರ ಡಾಲರ್ ಇದ್ದದ್ದು 30 ಸಾವಿರಕ್ಕಿಳಿಯಿತು. 44 ಸದಸ್ಯರದ್ದು ಕೂಡಿದರೆ ಉಳಿತಾಯ ವರ್ಷಕ್ಕೆ 9 ಲಕ್ಷ ಡಾಲರಿನ ಆಸುಪಾಸು. ಪಾಲಿಕೆಯ ವಾರ್ಷಿಕ ಬಜೆಟ್ಟೋ, 900 ಕೋಟಿ ಡಾಲರ್ ಮೀರಿದ್ದು!

ಆ ಡಿಸೆಂಬರಿನಲ್ಲೇ ವಾಹನ ನೋಂದಣಿಯ 60 ಡಾಲರ್ ತೆರಿಗೆ ರದ್ದಾಯಿತು. ಕಾರಿದ್ದವರಿಗೆ ಖುಷಿ. ಖಜಾನೆಗೆ ಮಾತ್ರ ವರ್ಷಕ್ಕೆ 6 ಕೋಟಿ ಡಾಲರಿಗೂ ಹೆಚ್ಚು ಖೋತಾ. ಉಳಿಸಿದ್ದಕ್ಕಿಂತ ಕಳೆದುಕೊಂಡದ್ದೇ ಎಷ್ಟೋ ಪಟ್ಟು ಜಾಸ್ತಿ.

ಹಾಗಾದರೆ ಪೋಲಾಗುವ ಹಣ ಎಲ್ಲಿದೆ? ಹುಡುಕಲು 2011ರಲ್ಲಿ ಕೆಪಿಎಂಜಿ ಸಂಸ್ಥೆ ಬಂತು. ಪಾಲಿಕೆಯ ಬಹುಪಾಲು ಕೆಲಸಗಳು ಕಾನೂನಿನ ಪ್ರಕಾರ ಮಾಡಲೇಬೇಕಾದವು, ಇಲ್ಲವೇ ನಗರ ನಡೆಯಲು ಅಗತ್ಯವಾದವು ಎಂದು ಅದರ ವರದಿಗಳೇ ಹೇಳಿದವು. ಆಗ ಕಣ್ಣು ಬಿದ್ದದ್ದು ಗ್ರಂಥಾಲಯಗಳಂಥ ಸೇವೆಗಳ ಮೇಲೆ. ಲೇಖಕಿ ಮಾರ್ಗರೆಟ್ ಅಟ್‌ವುಡ್ ಬಹಿರಂಗವಾಗಿ ವಿರೋಧಿಸಿದರು. ಜುಲೈನಲ್ಲಿ ನಾಗರಿಕರು ಸರದಿಯಲ್ಲಿ ಕಾದು, ಇಡೀ ರಾತ್ರಿ ನಡೆದ ಸಭೆಯಲ್ಲಿ ಒಬ್ಬೊಬ್ಬರಾಗಿ ಮಾತಾಡಿದರು. ಪ್ರಜಾಪ್ರಭುತ್ವ ಇಷ್ಟು ಹತ್ತಿರದಿಂದ ಕಾಣಿಸುವುದು ಅಪರೂಪ.

ಕಸ ಸಂಗ್ರಹವನ್ನು ನಗರದ ಒಂದು ಭಾಗದಲ್ಲಿ ಖಾಸಗಿಯವರಿಗೆ ವಹಿಸಿದ್ದು ಫೋರ್ಡ್‌ಗೆ ಸಿಕ್ಕ ನಿಜವಾದ ಗೆಲುವು. ಆದರೆ 2012ರ ಜನವರಿಯಲ್ಲಿ ಬಜೆಟ್ ಮತಕ್ಕೆ ಬಂದಾಗ ಸದಸ್ಯರು 23–21ರಿಂದ ಹಲವು ಕಡಿತಗಳನ್ನು ಕೈಬಿಟ್ಟರು. ಮೇಯರ್‌ಗೆ ಇದ್ದದ್ದೂ ಒಂದೇ ಮತ.