ಕರುಳಿನ ಸುದ್ದಿ, ಉಲ್ಲೇಖದ ಲೆಕ್ಕ

ಶ್ರೀರಂಗಪಟ್ಟಣವಾಗಲಿ ನಾಗಮಂಗಲವಾಗಲಿ, ಪಾಂಡವಪುರ, ಕೃಷ್ಣರಾಜಪೇಟೆಗಳಾಗಲಿ, ಕೂಸಿಗೆ ಭೇದಿ ಹತ್ತಿದರೆ ತಾವು ಉಪ್ಪು ಸಕ್ಕರೆ ಬೆರೆಸಿದ ನೀರು ಕುಡಿಸುತ್ತೀರಿ. ಅಷ್ಟೊಂದು ನೀರು ಹೊರಬೀಳುವುದೇಕೆಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅನೇಕ ವರ್ಷ ಶೋಧಿಸಿದವರು ಸಂಧ್ಯಾ ವಿಶ್ವೇಶ್ವರಯ್ಯನವರು.

ಕರುಳಿನ ಒಳಪದರದ ಜೀವಕೋಶಕ್ಕೆ ಹೊರಗಿನ ಸುದ್ದಿ ಹಿಡಿಯುವ ಗ್ರಾಹಕವೊಂದುಂಟು. ಶರೀರದ್ದೇ ಆದ ಗ್ವಾನಿಲಿನ್ ಎಂಬ ಹಾರ್ಮೋನು ಅದನ್ನು ಮುಟ್ಟಿದರೆ ಕೋಶದೊಳಗೆ ಸೈಕ್ಲಿಕ್ ಜಿ.ಎಂ.ಪಿ. ಎಂಬ ವಸ್ತು ಹುಟ್ಟುತ್ತದೆ. ಕ್ಲೋರೈಡ್ ಕರುಳಿಗೆ ಇಳಿಯುತ್ತದೆ, ಅದರ ಬೆನ್ನಿಗೆ ನೀರು. ಇದು ಹಿತಮಿತವಾದ ವ್ಯವಹಾರವೇ. ಆದರೆ ಈ. ಕೋಲೈ ಎಂಬ ಅಣುಜೀವಿಗಳಲ್ಲಿ ಕೆಲವು ತಯಾರಿಸುವ ವಿಷವು ಆ ಹಾರ್ಮೋನಿನ ವೇಷದಲ್ಲಿ ಬರುತ್ತದೆ. ಕೋಶ ಮೋಸಹೋಗುತ್ತದೆ, ನೀರು ಸುರಿಯುತ್ತದೆ. ಸಕ್ಕರೆಯೊಡನೆ ಉಪ್ಪನ್ನು ಹೀರುವ ಬೇರೊಂದು ದಾರಿ ಕೆಡದೆ ಉಳಿದಿರುವುದರಿಂದಲೇ ತಮ್ಮ ಮನೆಮದ್ದು ಫಲಿಸುವುದು!

ನಾರ್ವೆ ದೇಶದ ಒಂದೇ ಮನೆತನದ 32 ಮಂದಿಗಿದ್ದ ಬಹುಕಾಲದ ಭೇದಿಗೆ ಇದೇ ಗ್ರಾಹಕದ ಜೀನಿನಲ್ಲಾದ ಒಂದು ಮಾರ್ಪಾಟು ಕಾರಣವೆಂದು 2012ರಲ್ಲಿ ಪ್ರಕಟವಾಯಿತು. ಆ ಲೇಖನದ ಕರ್ತೃಗಳಲ್ಲಿ ಇವರೂ ಒಬ್ಬರು.

ಇಂಥ ಲೇಖನವನ್ನು ಮುಂದಿನವರು ತಮ್ಮ ಬರಹದಲ್ಲಿ ಹೆಸರಿಸಿದರೆ ಅದು ‘ಉಲ್ಲೇಖ’. ಇವನ್ನು ಎಣಿಸುವ ಸೂಚಿಯನ್ನು 1960ರ ದಶಕದಲ್ಲಿ ಹೊರತಂದವರು ಅಮೆರಿಕದ ಯೂಜೀನ್ ಗಾರ್ಫೀಲ್ಡ್. ಎಲ್ಲಕ್ಕಿಂತ ಹೆಚ್ಚು ಉಲ್ಲೇಖ ಪಡೆದದ್ದು ಯಾವುದು ಬಲ್ಲಿರಾ? ಪ್ರೋಟೀನನ್ನು ಅಳೆಯುವ ವಿಧಾನ ತಿಳಿಸಿದ, ಲೌರಿ ಮತ್ತು ಸಂಗಡಿಗರ 1951ರ ಲೇಖನ. 3 ಲಕ್ಷಕ್ಕೂ ಮೀರಿ. ಪ್ರಯೋಗಶಾಲೆಗಳಲ್ಲಿ ನಿತ್ಯ ಬೇಕಾದ ಅಳತೆ, ಹೆಸರಿಸದೆ ವಿಧಿಯಿಲ್ಲ. ಅಪರೂಪದ ಕಾಯಿಲೆಯ ಮೇಲೆ ಬರೆಯುವವರೇ ಕೆಲವರು. ಅಲ್ಲಿ ಉಲ್ಲೇಖವೂ ಕಡಮೆ. ನಾರ್ವೆಯ ಆ ಮನೆತನಕ್ಕೆ ತಮ್ಮ ಬೇನೆಯ ಮೂಲ ತಿಳಿದದ್ದು ಮಾತ್ರ ಅಂಥ ಒಂದು ಶೋಧದಿಂದ.