ಗುಳ್ಳೆ ಎದ್ದಿತು, ಆಮ್ಲಜನಕ ಎಲ್ಲಿ?

ಬೆಂಗಳೂರಿನ ಒಂದು ಪ್ರಯೋಗಾಲಯದ ಮೂಲೆಯ ಮೇಜಿನ ಮೇಲೆ ಅರಿಶಿನ ಕದಡಿದಂಥ ನೀರಿನ ಗಾಜಿನ ಪಾತ್ರೆಯೊಂದಿತ್ತು. ಆ ಹಳದಿ ಕ್ಯಾಡ್ಮಿಯಂ ಸಲ್ಫೈಡ್ ಪುಡಿಯದು. ಅದರ ಕಣಗಳ ಮೇಲೆ ಅಲ್ಲಲ್ಲಿ ಪ್ಲಾಟಿನಂ ಚುಕ್ಕೆಗಳನ್ನು ಕೂರಿಸಿದ್ದರು. ಪಾತ್ರೆಯ ಬಾಯಿಗೆ ರಬ್ಬರ್ ಬಿರಡೆ. ಒಳಗಿದ್ದ ಗಾಳಿಯನ್ನು ಆರ್ಗಾನ್ ಹಾಯಿಸಿ ಮೊದಲೇ ಹೊರಹಾಕಿದ್ದರು. ಸಂಶೋಧನಾ ವಿದ್ಯಾರ್ಥಿನಿ ಝೆನಾನ್ ದೀಪದ ಸ್ವಿಚ್ ಒತ್ತಿದರು. ದೀಪಕ್ಕೂ ಪಾತ್ರೆಗೂ ನಡುವೆ ನೀರು ತುಂಬಿದ ಇನ್ನೊಂದು ಗಾಜಿನ ಡಬ್ಬಿ. ಬಿಸಿಯನ್ನು ಅದು ಹೀರಿಕೊಳ್ಳುತ್ತದೆ, ಬೆಳಕನ್ನು ಆಚೆ ಬಿಡುತ್ತದೆ.

ನನಗೆ ಕಾಣಲೆಂದು ಸ್ವಲ್ಪ ಹೊತ್ತು ಕಲಕುವ ಯಂತ್ರವನ್ನು ನಿಲ್ಲಿಸಿದರು. ಪುಡಿ ಮೆಲ್ಲಗೆ ಕೆಳಗಿಳಿಯುತ್ತಿದ್ದಂತೆ ಗಾಜಿನ ಒಳಮೈಯಲ್ಲಿ ಗುಳ್ಳೆಗಳು ಕಾಣಿಸಿಕೊಂಡವು. ಒಂದು ಬಿಡಿಸಿಕೊಂಡು ಮೇಲೇರಿತು, ಅದರ ಹಿಂದೆ ಇನ್ನೊಂದು. ತಂತಿ ಇಲ್ಲ, ಬ್ಯಾಟರಿ ಇಲ್ಲ, ಒಲೆ ಇಲ್ಲ. ಪುಡಿಯ ಮೇಲೆ ಬೆಳಕು ಬಿದ್ದದ್ದಷ್ಟೇ. ಇದನ್ನು ವರ್ಷಗಳಿಂದ ಓದುತ್ತ ಬಂದವನಿಗೂ ಕಣ್ಣಾರೆ ಕಂಡಾಗ ರೋಮಾಂಚನವಾಗುತ್ತದೆ. ಆ ಗುಂಗು ಇನ್ನೂ ಇಳಿದಿಲ್ಲ.

ಅವರು ಬಿರಡೆಗೆ ಸೂಜಿ ಚುಚ್ಚಿ, ಸಿರಿಂಜಿನಲ್ಲಿ ಒಂದಿಷ್ಟು ಅನಿಲ ಎಳೆದು ಪಕ್ಕದ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಯಂತ್ರಕ್ಕೆ ತುಂಬಿದರು. ಕಂಪ್ಯೂಟರ್ ಪರದೆಯ ಮೇಲಿನ ನೇರ ಗೆರೆ ಇದ್ದಕ್ಕಿದ್ದಂತೆ ನೆಟ್ಟಗೆದ್ದು ಇಳಿಯಿತು. ಜಲಜನಕ.

"ಆಮ್ಲಜನಕದ ಗೆರೆ ಯಾವಾಗ ಬರುತ್ತೆ?" ಎಂದು ಕೇಳಿದೆ.

"ಬರಲ್ಲ ಸರ್. ಇದರಲ್ಲಿ ಸೋಡಿಯಂ ಸಲ್ಫೈಡು, ಸಲ್ಫೈಟು ಇದೆ. ಅವೆರಡು ಇಲ್ಲದಿದ್ರೆ ನಮ್ಮ ಪುಡಿಯೇ ಕರಗಿಹೋಗುತ್ತೆ."

ಮೂಗಿಗೆ ಅಡರುತ್ತಿದ್ದ ಗಂಧಕದ ಕಮಟು ಎಲ್ಲಿಂದ ಬರುತ್ತಿದೆ ಎಂಬುದು ಆಗ ತಿಳಿಯಿತು. ಅವರ ನೇರ ಮಾತು ನನಗೆ ಬಹಳ ಹಿಡಿಸಿತು. ಏಕೆಂದರೆ ಪತ್ರಿಕೆಗಳಲ್ಲಿ 'ಬಿಸಿಲು, ನೀರು ಇದ್ದರೆ ಸಾಕು, ಇಂಧನ ಸಿದ್ಧ' ಎಂಬ ತಲೆಬರಹದಡಿ ಬರುವ ಸುದ್ದಿಗಳಲ್ಲಿ ಈ ಮಾತು ಇರುವುದೇ ಇಲ್ಲ. ಬೆಳಕು ಬಿದ್ದಾಗ ಪುಡಿಯ ಕಣದಲ್ಲಿ ಒಂದು ಎಲೆಕ್ಟ್ರಾನ್ ಎದ್ದು ಹೋಗುತ್ತದೆ, ಅದು ಬಿಟ್ಟ ಜಾಗ ಖಾಲಿ ಉಳಿಯುತ್ತದೆ. ಎದ್ದ ಎಲೆಕ್ಟ್ರಾನ್‌ನಿಂದ ಜಲಜನಕ ಹುಟ್ಟುವುದು ಸುಲಭದ ಅರ್ಧ. ಖಾಲಿ ಜಾಗ ತನಗೆ ಬೇಕಾದ ಎಲೆಕ್ಟ್ರಾನನ್ನು ನೀರಿನಿಂದಲೇ ಕಿತ್ತುಕೊಂಡು ಆಮ್ಲಜನಕವನ್ನು ಬಿಡಿಸಬೇಕಾದದ್ದು ಕಷ್ಟದ ಅರ್ಧ. ಎರಡು ನೀರಿನ ಅಣುಗಳಿಂದ ನಾಲ್ಕು ಎಲೆಕ್ಟ್ರಾನ್‌ಗಳನ್ನು ಕಿತ್ತರಷ್ಟೇ ಒಂದು ಆಮ್ಲಜನಕದ ಅಣು ಸಿಗುತ್ತದೆ. ಈ ಕಷ್ಟ ತಪ್ಪಿಸಲು ಸಲ್ಫೈಡೋ ಮೆಥನಾಲೋ ಸೇರಿಸಿದರೆ ಖಾಲಿ ಜಾಗಕ್ಕೆ ಅಲ್ಲಿಂದಲೇ ಎಲೆಕ್ಟ್ರಾನ್ ಸಿಗುತ್ತದೆ, ಜಲಜನಕ ಧಾರಾಳವಾಗಿ ಬರುತ್ತದೆ. ಪುಡಿಯ ಗುಣ ಅಳೆಯಲು ಇದು ಒಪ್ಪುವ ವಿಧಾನವೇ. ಆದರೆ ನೀರಿನಿಂದ ಇಂಧನ ತೆಗೆದೆವು ಎನ್ನಬೇಕಾದರೆ ಎರಡು ಪಾಲು ಜಲಜನಕದ ಜೊತೆ ಒಂದು ಪಾಲು ಆಮ್ಲಜನಕವನ್ನೂ ತೋರಿಸಬೇಕು.

ಈ ಕನಸು ಹಳೆಯದು. ಇಟಲಿಯ ಬೊಲೊನ್ಯಾದಲ್ಲಿ ರಸಾಯನವಿಜ್ಞಾನಿ ಜಾಕೊಮೊ ಚಾಮಿಚಾನ್ ತಮ್ಮ ವಿಭಾಗದ ಮಹಡಿಯ ಮೇಲೆ ಸಾಲು ಸಾಲು ಗಾಜಿನ ಸೀಸೆಗಳನ್ನು ಬಿಸಿಲಿಗಿಟ್ಟು, ಕಲ್ಲಿದ್ದಲು ಮುಗಿದರೂ ನಾಗರಿಕತೆ ನಿಲ್ಲಬೇಕಾಗಿಲ್ಲವೆಂದು 1912ರಲ್ಲೇ ವಾದಿಸಿದ್ದರು. 1972ರಲ್ಲಿ ಟೋಕಿಯೊದ ಅಕಿರಾ ಫುಜಿಶಿಮಾ ಮತ್ತು ಕೆನಿಚಿ ಹೊಂಡಾ ಟೈಟಾನಿಯಂ ಡೈಆಕ್ಸೈಡ್ ಹರಳಿನ ಮೇಲೆ ಬೆಳಕು ಬಿಟ್ಟು ನೀರನ್ನು ಒಡೆದ ವರದಿ 'ನೇಚರ್' ಪತ್ರಿಕೆಯಲ್ಲಿ ಬಂತು. ಮರುವರ್ಷವೇ ತೈಲ ಬಿಕ್ಕಟ್ಟು ಎದುರಾಗಿ ಜಗತ್ತೆಲ್ಲ ಅತ್ತ ತಿರುಗಿತು. ಟೈಟಾನಿಯಂ ಡೈಆಕ್ಸೈಡ್ ನಮ್ಮ ಗೋಡೆಯ ಬಿಳಿ ಪೇಂಟಿನಲ್ಲಿರುವ ವಸ್ತು; ಕೇರಳದ ಚವರದಲ್ಲಿ ಕಡಲ ತೀರದ ಮರಳಿನಿಂದ ತಯಾರಾಗುತ್ತದೆ. ಅಗ್ಗ, ಗಟ್ಟಿ, ನಿರಪಾಯಕಾರಿ. ಆದರೆ ಅದು ಬೆಳ್ಳಗಿದೆ ಎಂದರೆ ಗೋಚರ ಬೆಳಕನ್ನು ವಾಪಸು ಕಳಿಸುತ್ತದೆ ಎಂದೇ ಅರ್ಥ. ಅದು ಹೀರುವುದು ಅತಿನೇರಳೆಯನ್ನು ಮಾತ್ರ, ಬಿಸಿಲಿನಲ್ಲಿ ಅದರ ಪಾಲು ಶೇ 5ರಷ್ಟೂ ಇಲ್ಲ.

ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಪ್ರಿಯವಾದದ್ದು ಒಂದು ಮೂಸೆಯ ಪ್ರಸಂಗ. ಟೋಕಿಯೊದ ಕಝುನಾರಿ ಡೊಮೆನ್ ಅವರ ತಂಡ ಸ್ಟ್ರಾನ್ಷಿಯಂ ಟೈಟನೇಟ್ ಎಂಬ ಇನ್ನೊಂದು ಬಿಳಿ ಪುಡಿಯ ಹಿಂದೆ ಬಿದ್ದಿತ್ತು. ಪುಡಿಯನ್ನು ಸ್ಟ್ರಾನ್ಷಿಯಂ ಕ್ಲೋರೈಡ್ ಉಪ್ಪಿನೊಡನೆ ಬೆರೆಸಿ ಮೂಸೆಯಲ್ಲಿಟ್ಟು ಸಾವಿರ ಡಿಗ್ರಿಗೂ ಮೀರಿದ ಶಾಖದಲ್ಲಿ ಕಾಯಿಸಿದರೆ ಹರಳುಗಳು ಅಂದವಾಗಿ, ಚೌಕವಾಗಿ ಬೆಳೆಯುತ್ತವೆ. ಹೀಗೆ ಬೆಳೆದ ಹರಳುಗಳು ನೀರನ್ನು ಒಡೆಯುವುದರಲ್ಲಿ ಬಹಳ ಚುರುಕಾಗಿದ್ದವು. ಹರಳು ಚೆನ್ನಾಗಿ ಬೆಳೆದದ್ದಕ್ಕೇ ಹಾಗಾಯಿತು ಎಂದುಕೊಳ್ಳುವುದು ಸಹಜ. ಆದರೆ ಕೆಲಸ ಮಾಡಿದ್ದು ಮೂಸೆ. ಅದು ಅಲ್ಯುಮಿನಾದ್ದು. ಕರಗಿದ ಉಪ್ಪು ಮೂಸೆಯ ಗೋಡೆಯನ್ನೇ ಚೂರು ಚೂರಾಗಿ ತಿಂದು, ಅದರೊಳಗಿನ ಅಲ್ಯುಮಿನಿಯಂ ಅನ್ನು ಹರಳಿನೊಳಕ್ಕೆ ಸೇರಿಸಿತ್ತು. ಹರಳಿನಲ್ಲಿ ಕೆಲವು ಟೈಟಾನಿಯಂ ಪರಮಾಣುಗಳು ಒಂದು ಎಲೆಕ್ಟ್ರಾನ್ ಹೆಚ್ಚಿಗೆ ಇಟ್ಟುಕೊಂಡು ದೋಷವಾಗಿ ಉಳಿದಿರುತ್ತವೆ. ಬೆಳಕು ಎಬ್ಬಿಸಿದ ಎಲೆಕ್ಟ್ರಾನ್‌ಗಳು ಅಲ್ಲಿ ಸಿಕ್ಕಿಬಿದ್ದು ವ್ಯರ್ಥವಾಗುತ್ತವೆ. ಟೈಟಾನಿಯಂನ ಜಾಗದಲ್ಲಿ ಅಲ್ಯುಮಿನಿಯಂ ಬಂದು ಕೂತರೆ ಆ ದೋಷ ಕಡಿಮೆಯಾಗುತ್ತದೆ. ಆಮೇಲೆ ಅಲ್ಯುಮಿನಿಯಂ ಅನ್ನು ಬೇಕೆಂದೇ ಸೇರಿಸತೊಡಗಿದರು. ನಮ್ಮ ಅಕ್ಕಸಾಲಿಗರಿಗೆ ಮೂಸೆ ಎಂದರೆ ಚಿನ್ನಕ್ಕೆ ಏನನ್ನೂ ಸೇರಿಸದೆ, ಚಿನ್ನದಿಂದ ಏನನ್ನೂ ಕದಿಯದೆ ಇರಬೇಕಾದ ಪಾತ್ರೆ. ಇಲ್ಲಿ ಅದು ತನ್ನನ್ನೇ ಕೊಟ್ಟಿತು. ಮೂಸೆ ಯಾವುದರಿಂದ ಮಾಡಿದ್ದು ಎಂಬುದನ್ನೂ ಅನುಮಾನದಿಂದ ನೋಡಿ, ಪರೀಕ್ಷಿಸಿ, ದಾಖಲಿಸಿದ ಆ ಶಿಸ್ತಿಗೆ ಬೆಲೆ ಕಟ್ಟಲಾಗದು.

ಅಲ್ಲಿಗೇ ಮುಗಿಯಲಿಲ್ಲ. ಜಲಜನಕ ಹುಟ್ಟಿಸಲು ಹರಳಿನ ಮೇಲೆ ಕೂರಿಸುವ ರೋಡಿಯಂ ಲೋಹಕ್ಕೆ ಒಂದು ಕೆಟ್ಟ ಚಾಳಿಯಿದೆ. ಹುಟ್ಟಿದ ಜಲಜನಕ, ಆಮ್ಲಜನಕಗಳನ್ನು ಮತ್ತೆ ಸೇರಿಸಿ ನೀರು ಮಾಡಿಬಿಡುತ್ತದೆ. ಅದಕ್ಕಾಗಿ ರೋಡಿಯಂ ಕಣದ ಸುತ್ತ ಕ್ರೋಮಿಯಂ ಆಕ್ಸೈಡಿನ ತೆಳು ಕವಚ ಹೊದಿಸಿದರು. ಜಲಜನಕ ಅದನ್ನು ದಾಟಿ ಹೊರಬರುತ್ತದೆ, ಆಮ್ಲಜನಕಕ್ಕೆ ಒಳಗೆ ಪ್ರವೇಶವಿಲ್ಲ. ಆಮ್ಲಜನಕದ ಕೆಲಸಕ್ಕೆ ಹರಳಿನ ಬೇರೆ ಮುಖಗಳ ಮೇಲೆ ಕೋಬಾಲ್ಟ್. 2020ರಲ್ಲಿ ಈ ಪುಡಿಯ ಮೇಲೆ ಬಿದ್ದ ಅತಿನೇರಳೆಯಲ್ಲಿ ಶೇ 96ರವರೆಗೂ ನೀರು ಒಡೆಯುವುದಕ್ಕೇ ಸಂದಿತು.

2021ರಲ್ಲಿ ಅದೇ ತಂಡ ಜಪಾನಿನ ಇಬರಾಕಿ ಪ್ರಾಂತದ ಕಕಿಯೊಕಾದಲ್ಲಿ, ತೆರೆದ ಬಯಲಿನಲ್ಲಿ, 100 ಚದರ ಮೀಟರ್ ಹರವಿನ ಫಲಕಗಳ ಫಲಿತಾಂಶ ಪ್ರಕಟಿಸಿತು. 25 ಸೆಂಟಿಮೀಟರ್ ಚೌಕದ 1,600 ಫಲಕಗಳು. ಪುಡಿ ಬಳಿದ ಹಾಳೆಗೂ ಮೇಲಿನ ಗಾಜಿಗೂ ನಡುವೆ 0.1 ಮಿಲಿಮೀಟರ್ ನೀರಿನ ಪದರ. ಹೊರಬರುವುದು ಕಿಡಿ ಸೋಕಿದರೆ ಸಿಡಿಯುವ ಮಿಶ್ರಣ. ಅದಕ್ಕೆ ಬೇಕೆಂದೇ ಬೆಂಕಿ ಹೊತ್ತಿಸಿ, ಫಲಕಕ್ಕೂ ಕೊಳವೆಗೂ ಧಕ್ಕೆಯಾಗದ್ದನ್ನು ಖಚಿತಪಡಿಸಿಕೊಂಡರು. ನಂತರ ಪಾಲಿಇಮೈಡ್ ಪೊರೆಯ ಮೂಲಕ ಹಾಯಿಸಿ ಜಲಜನಕವನ್ನು ಬೇರ್ಪಡಿಸಿದರು. ವ್ಯವಸ್ಥೆ ತಿಂಗಳುಗಟ್ಟಲೆ ಸುರಕ್ಷಿತವಾಗಿ ನಡೆಯಿತು.

ದಕ್ಷತೆ ಮಾತ್ರ ಗರಿಷ್ಠ ಶೇ 0.76. ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಒಂದು ಪಾಲೂ ಇಂಧನವಾಗಲಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದವರು 2023ರಲ್ಲಿ ಗ್ಯಾಲಿಯಂ ನೈಟ್ರೈಡ್ ಆಧಾರಿತ ಪದಾರ್ಥದ ಮೇಲೆ ಬೆಳಕನ್ನು ಸಾಂದ್ರಗೊಳಿಸಿ ಪ್ರಯೋಗಾಲಯದಲ್ಲಿ ಶೇ 9.2 ಪಡೆದರು. ಆದರೆ ಅದು ಪುಟ್ಟ ತುಣುಕು, ದುಬಾರಿ ತಯಾರಿಕೆ. ಮಾರುಕಟ್ಟೆಯ ಸೌರಫಲಕದ ವಿದ್ಯುತ್ತಿನಿಂದ ನೀರನ್ನು ಒಡೆಯುವ ದಾರಿ ಇವತ್ತಿಗೆ ಇವೆರಡಕ್ಕಿಂತ ಮುಂದಿದೆ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ₹19,744 ಕೋಟಿಯ ಹಸಿರು ಜಲಜನಕ ಮಿಷನ್‌ಗೆ ಒಪ್ಪಿಗೆ ಕೊಟ್ಟು, 2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್ ಗುರಿ ಇಟ್ಟಾಗ ಮುಖ್ಯವಾಗಿ ನೆಚ್ಚಿಕೊಂಡದ್ದೂ ಆ ದಾರಿಯನ್ನೇ. ಅದು ಸರಿಯಾದ ತೀರ್ಮಾನ.

ಆದರೂ ಪುಡಿಯ ದಾರಿಯನ್ನು ಕೈಬಿಡಬಾರದು ಎಂದೇ ನನ್ನ ವಾದ. ಗಾಜು, ಹಾಳೆಗೆ ಬಳಿದ ಪುಡಿ, ನೀರು ಇಷ್ಟರಲ್ಲೇ ಮುಗಿಯುವ ಫಲಕ ಒಂದು ದಿನ ಶೇ 5 ದಾಟಿದರೆ ಲೆಕ್ಕಾಚಾರವೇ ಬದಲಾಗುತ್ತದೆ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಮತ್ತು ಸಹೋದ್ಯೋಗಿಗಳು ಮಾಲಿಬ್ಡಿನಂ ಸಲ್ಫೈಡ್‌ನ ಒಂಟಿ ಪದರಗಳಿಂದ ಗೋಚರ ಬೆಳಕಿನಲ್ಲೇ ಜಲಜನಕ ತೆಗೆದು 2013ರಲ್ಲೇ ಪ್ರಕಟಿಸಿದ್ದಾರೆ. ಪುಡಿ ತಯಾರಿಸುವ ವಿದ್ಯೆ ನಮ್ಮಲ್ಲಿ ಚೆನ್ನಾಗಿಯೇ ಇದೆ. ಇನ್ನು ಅದನ್ನು ಝೆನಾನ್ ದೀಪದ ಕೆಳಗಿನಿಂದ ಹೊರಗೆ ತರಬೇಕು. 2,050 ಮೆಗಾವಾಟ್ ಸೌರಪಾರ್ಕಿಗೆ ನೆಲ ಒದಗಿಸಿದ ಪಾವಗಡದ ಬಿಸಿಲಿನಲ್ಲಿ ಇಂಥ ಫಲಕಗಳಿಗೆ ಕೆಲವೇ ಚದರ ಮೀಟರ್ ಜಾಗ ಕೊಡಿ. ಸಲ್ಫೈಡ್ ಬೇಡ, ಮೆಥನಾಲ್ ಬೇಡ, ಬರೀ ನೀರು ಸಾಕು. ಬೇಸಿಗೆ, ಮಳೆ, ದೂಳು ಎಲ್ಲವನ್ನೂ ಕಂಡು ಒಂದು ವರ್ಷ ನಡೆಯಲಿ. ಎಷ್ಟು ಜಲಜನಕ ಬಂತು, ಎಷ್ಟು ಆಮ್ಲಜನಕ ಬಂತು, ಎರಡನ್ನೂ ಪ್ರಕಟಿಸಿ.