ವರ್ಷದ ಶ್ರೇಷ್ಠ ಗೀತಚಿತ್ರ: ಒಂದು ವಿವೇಚನೆ

ಗೀತ, ವಾದ್ಯ, ನೃತ್ಯ ಈ ಮೂರೂ ಕೂಡಿ ಸಂಗೀತವೆನಿಸುವುದೆಂದು ೧೩ನೆಯ ಶತಮಾನದ ಶಾರ್ಙ್ಗದೇವನು ತನ್ನ ‘ಸಂಗೀತ ರತ್ನಾಕರ’ದಲ್ಲಿ ಹೇಳಿದ್ದಾನೆ. ಹಾಡಿನಲ್ಲಿ ಕಿವಿಗೆ ಇರುವಂತೆ ಕಣ್ಣಿಗೂ ಪಾಲುಂಟೆಂಬುದು ಆದ ಕಾರಣ ನಮಗೆ ಹೊಸ ಮಾತೇನೂ ಅಲ್ಲ. ಆದರೆ ಒಂದೊಂದು ಹಾಡಿಗೂ ಒಂದೊಂದು ಕಿರುಚಿತ್ರವನ್ನು ತಯಾರಿಸಿ, ಅದನ್ನು ಮನೆಮನೆಯ ತೆರೆಗೆ ಬಿತ್ತರಿಸಿ, ವರ್ಷಕ್ಕೊಮ್ಮೆ ಅವುಗಳಲ್ಲಿ ಶ್ರೇಷ್ಠವಾದುದು ಯಾವುದೆಂದು ತೀರ್ಪು ಕೊಡುವ ಪದ್ಧತಿ ಇತ್ತೀಚಿನದು. ಇಂಗ್ಲಿಷಿನಲ್ಲಿ ಮ್ಯೂಸಿಕ್ ವಿಡಿಯೋ ಎಂದು ಹೆಸರಾದ ಈ ಪ್ರಕಾರವನ್ನು ಇಲ್ಲಿ ಗೀತಚಿತ್ರವೆಂದು ಕರೆದಿದೆ. ತೀರ್ಪು ಹೊರಬಿದ್ದೊಡನೆ ಪ್ರತಿ ಸಲವೂ ವಾದವೇಳುತ್ತದೆ. ಆ ವಾದವು ಏಕೆ ಮುಗಿಯುವುದಿಲ್ಲ, ಅದನ್ನು ತೀರಿಸಲು ತಕ್ಕ ಅಳತೆಗೋಲು ಯಾವುದು ಎಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

೧

ಗೀತಚಿತ್ರಗಳಿಗೆಂದೇ ಮೀಸಲಾದ ಎಂ.ಟಿ.ವಿ. ಎಂಬ ಅಮೆರಿಕದ ವಾಹಿನಿಯು ೧೯೮೧ರ ಆಗಸ್ಟ್ ೧ರಂದು ಪ್ರಾರಂಭವಾಯಿತು. ಅಂದು ಮೊದಲು ಬಿತ್ತರಗೊಂಡುದು ಬಗಲ್ಸ್ ತಂಡದ ‘ವಿಡಿಯೋ ಕಿಲ್ಡ್ ದ ರೇಡಿಯೋ ಸ್ಟಾರ್’. ದೃಶ್ಯವು ಬಾನುಲಿಯ ಗಾಯಕನನ್ನು ಕೊಂದಿತೆಂದು ಹೆಸರಿನಲ್ಲಿಯೇ ಸಾರುವ ಹಾಡು. ಧ್ವನಿಮುದ್ರಿಕೆಗಳ ಮಾರಾಟಕ್ಕಾಗಿ ಕಂಪನಿಗಳು ಮಾಡಿಸುತ್ತಿದ್ದ ಜಾಹೀರಾತೇ ಈ ಚಿತ್ರಗಳ ಮೂಲ. ಜಾಹೀರಾತು ಕಲೆಯಾಗಬಲ್ಲುದೆಂಬ ಹಕ್ಕು ಸ್ಥಾಪನೆಯಾದುದು ೧೯೮೪ರ ಸೆಪ್ಟೆಂಬರ್ ೧೪ರಂದು, ನ್ಯೂಯಾರ್ಕಿನ ರೇಡಿಯೋ ಸಿಟಿ ಮ್ಯೂಸಿಕ್ ಹಾಲಿನಲ್ಲಿ ಆ ವಾಹಿನಿಯು ಮೊದಲ ಪ್ರಶಸ್ತಿಗಳನ್ನು ಕೊಟ್ಟಾಗ.

ವರ್ಷದ ಶ್ರೇಷ್ಠ ಗೀತಚಿತ್ರದ ಕಣದಲ್ಲಿ ಅಂದು ಐದು ಕೃತಿಗಳಿದ್ದುವು: ಮೈಕಲ್ ಜ್ಯಾಕ್ಸನ್ನನ ‘ಥ್ರಿಲ್ಲರ್’, ಹರ್ಬಿ ಹ್ಯಾನ್ಕಾಕನ ‘ರಾಕಿಟ್’, ಪೊಲೀಸ್ ತಂಡದ ‘ಎವ್ರಿ ಬ್ರೆತ್ ಯು ಟೇಕ್’, ಸಿಂಡಿ ಲಾಪರಳ ‘ಗರ್ಲ್ಸ್ ಜಸ್ಟ್ ವಾಂಟ್ ಟು ಹ್ಯಾವ್ ಫನ್’, ಕಾರ್ಸ್ ತಂಡದ ‘ಯು ಮೈಟ್ ಥಿಂಕ್’. ಗೆದ್ದುದು ಕೊನೆಯದು.

ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ದಿನ ಕಳೆಯುವ ನನ್ನಂಥವನಿಗೆ ಆ ದಿನದ ಪ್ರಶಸ್ತಿಪಟ್ಟಿಯು ವಿಚಿತ್ರವಾಗಿ ತೋರುತ್ತದೆ. ಅದರ ಬಾಬುಗಳಿಗೂ ಮೊತ್ತಕ್ಕೂ ತಾಳೆಯೇ ಇಲ್ಲ. ಕಲ್ಪನೆ, ಕಲಾನಿರ್ದೇಶನ, ಸಂಕಲನ, ದೃಶ್ಯಚಮತ್ಕಾರ, ಪ್ರಯೋಗಶೀಲತೆ ಎಂಬ ಐದು ಬಾಬುಗಳಲ್ಲಿಯೂ ‘ರಾಕಿಟ್’ ಗೆದ್ದಿತು. ನೃತ್ಯಸಂಯೋಜನೆ ಮತ್ತು ಒಟ್ಟು ಪ್ರದರ್ಶನದ ಪ್ರಶಸ್ತಿಗಳು ‘ಥ್ರಿಲ್ಲರ್’ಗೆ ಸಂದುವು, ಪ್ರೇಕ್ಷಕರ ಆಯ್ಕೆಯೂ ಅದೇ ಆಯಿತು. ಛಾಯಾಗ್ರಹಣದ ಪ್ರಶಸ್ತಿ ‘ಎವ್ರಿ ಬ್ರೆತ್ ಯು ಟೇಕ್’ ಪಾಲಿಗೆ ಬಂದಿತು. ನಿರ್ದೇಶನದ ಪ್ರಶಸ್ತಿ ಪಡೆದ ‘ಶಾರ್ಪ್ ಡ್ರೆಸ್ಡ್ ಮ್ಯಾನ್’ ಶ್ರೇಷ್ಠ ಚಿತ್ರದ ಕಣದಲ್ಲಿಯೇ ಇರಲಿಲ್ಲ. ಯಾವ ಬಾಬಿನಲ್ಲಿಯೂ ಮೊದಲಾಗದ ‘ಯು ಮೈಟ್ ಥಿಂಕ್’ ಮೊತ್ತದಲ್ಲಿ ಮೊದಲಾಯಿತು!

೨

ಇದನ್ನು ಪಕ್ಷಪಾತವೆಂದು ತಳ್ಳಿಹಾಕುವುದು ಸುಲಭ. ನನಗಾದರೋ ಇದು ‘ಶ್ರೇಷ್ಠ’ ಎಂಬ ಒಂದೇ ಶಬ್ದದ ಕೆಳಗೆ ಬೇರೆಬೇರೆ ಗುಣಗಳನ್ನು ತೂಗಿದುದರ ಫಲವಾಗಿ ಕಾಣುತ್ತದೆ.

ಕಾರ್ಸ್ ತಂಡದ ಚಿತ್ರದಲ್ಲಿ ಗಾಯಕನು ಒಂದು ಹೆಣ್ಣನ್ನು ಬೆನ್ನಟ್ಟುತ್ತ ಒಮ್ಮೆ ನೊಣವಾಗುತ್ತಾನೆ, ಒಮ್ಮೆ ಕಿಂಗ್ ಕಾಂಗ್ ವಾನರನಾಗಿ ಗಗನಚುಂಬಿ ಕಟ್ಟಡವನ್ನೇರುತ್ತಾನೆ. ಗಣಕಯಂತ್ರದ ಈ ಚಮತ್ಕಾರವು ಅಂದು ಹೊಚ್ಚಹೊಸದು. ತೀರ್ಪುಗಾರರು ನಾವೀನ್ಯಕ್ಕೆ ಮಣಿದರೆಂದು ಊಹಿಸಬಹುದು. ಆದರೆ ತಂತ್ರದ ನಾವೀನ್ಯವು ಬೇಗ ಹಳಸುವ ಗುಣ.

‘ಥ್ರಿಲ್ಲರ್’ ಇನ್ನೊಂದು ಬಗೆಯದು. ೧೯೮೩ರ ಡಿಸೆಂಬರಿನಲ್ಲಿ ಬಂದ ಇದನ್ನು ನಿರ್ದೇಶಿಸಿದವನು ಜಾನ್ ಲ್ಯಾಂಡಿಸ್ ಎಂಬ ಚಲನಚಿತ್ರ ನಿರ್ದೇಶಕ. ಹಾಡು ಸುಮಾರು ೬ ನಿಮಿಷದ್ದು. ಚಿತ್ರವು ಸುಮಾರು ೧೪ ನಿಮಿಷದ್ದು. ಗೋರಿಗಳಿಂದೆದ್ದ ಪ್ರೇತಗಳೊಡನೆ ನಾಯಕನು ಕುಣಿಯುವ ಭಾಗವು ಜಗತ್ಪ್ರಸಿದ್ಧವಾಯಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸಂಸ್ಥೆಯು ೨೦೦೯ರಲ್ಲಿ ಇದನ್ನು ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿಸಿಕೊಂಡಿತು. ಆ ಗೌರವ ಪಡೆದ ಮೊದಲ ಗೀತಚಿತ್ರವಿದು. ಪ್ರೇಕ್ಷಕರ ಮತವನ್ನೇ ಕಾಲವು ಎತ್ತಿಹಿಡಿಯಿತೆನ್ನಬೇಕು. ಆದರೂ ಒಂದು ಸಂದೇಹ ಉಳಿಯುತ್ತದೆ. ಇಲ್ಲಿ ಹಾಡನ್ನು ತುಂಡರಿಸಿ ಕಥೆಗೆ ಹೊಂದಿಸಲಾಗಿದೆ. ನೃತ್ಯದ ಭಾಗವನ್ನು ಬಿಟ್ಟರೆ, ಚಿತ್ರವು ಒಡೆಯ, ಹಾಡು ಊಳಿಗ.

‘ರಾಕಿಟ್’ನಲ್ಲಿ ಸಂಬಂಧವೇ ಬೇರೆ. ಅದರ ಸಂಗೀತದಲ್ಲಿ ಮಾತಿಲ್ಲವೆಂದರೂ ಸಲ್ಲುತ್ತದೆ; ಗ್ರಾಮಫೋನ್ ತಟ್ಟೆಯನ್ನು ಮುಳ್ಳಿನ ಕೆಳಗೆ ಹಿಂದುಮುಂದೆ ಕೆರೆದು ಹೊರಡಿಸಿದ ನಾದ, ಯಂತ್ರದಂಥ ತಾಳ. ಗಾಡ್ಲೀ ಮತ್ತು ಕ್ರೀಮ್ ಎಂಬ ನಿರ್ದೇಶಕರು ಇದಕ್ಕೆ ಒಂದು ಮನೆಯೊಳಗೆ ತಾವಾಗಿಯೇ ಚಲಿಸುವ ಯಂತ್ರಪುತ್ಥಳಿಗಳನ್ನೂ ಒದೆಯುವ ಬರಿಯ ಕಾಲುಗಳನ್ನೂ ತೋರಿಸಿದರು. ನೋಡಿದ ಮೇಲೆ ಮತ್ತೆ ಕೇಳಿದರೆ, ಆ ಕೆರೆತದ ನಾದಕ್ಕೆ ಕೈಕಾಲು ಮೂಡಿದಂತಾಗುತ್ತದೆ. ಗೀತಚಿತ್ರಕ್ಕೆ ತಕ್ಕ ಅಳತೆಗೋಲು ಇದೇ ಎಂದು ನನ್ನ ಅಭಿಪ್ರಾಯ: ಹಾಡಿನಲ್ಲಿ ಅಡಗಿದ್ದುದನ್ನು ಚಿತ್ರವು ಬಯಲಿಗೆ ತರಬೇಕು, ಕಣ್ಣು ಮುಚ್ಚಿ ಮರಳಿ ಕೇಳಿದಾಗ ಹಾಡು ಮೊದಲಿಗಿಂತ ಸಮೃದ್ಧವಾಗಿರಬೇಕು. ಈ ಮಾನದಿಂದ ೧೯೮೪ರ ಶ್ರೇಷ್ಠ ಪದವಿಯು ‘ರಾಕಿಟ್’ಗೆ ಸಲ್ಲತಕ್ಕದ್ದು.

೧೯೮೭ರಲ್ಲಿ ಬಾಬುಗಳೂ ಮೊತ್ತವೂ ತಾಳೆಯಾದುವು. ಪೀಟರ್ ಗೇಬ್ರಿಯಲನ ‘ಸ್ಲೆಜ್‌ಹ್ಯಾಮರ್’ ಶ್ರೇಷ್ಠ ಚಿತ್ರದ ಪ್ರಶಸ್ತಿಯೊಡನೆ ನಿರ್ದೇಶನ, ಸಂಕಲನ ಮೊದಲಾದುವನ್ನೂ ಸೇರಿಸಿ ಒಟ್ಟು ೯ ಪ್ರಶಸ್ತಿಗಳನ್ನು ಪಡೆಯಿತು. ಒಂದೊಂದೇ ಚೌಕಟ್ಟನ್ನು ಬಿಡಿಯಾಗಿ ಸೆರೆಹಿಡಿದು ಜೋಡಿಸಿದ ಈ ಚಿತ್ರಕ್ಕಾಗಿ ಗಾಯಕನು ಗಾಜಿನ ಹಲಗೆಯ ಕೆಳಗೆ ೧೬ ಗಂಟೆ ಮಲಗಿದ್ದನಂತೆ. ಅದರ ಬಿಟ್ಟುಬಿಟ್ಟು ಜಿಗಿಯುವ ಚಲನೆಯೇ ಹಾಡಿನ ಪೆಟ್ಟುಪೆಟ್ಟಾದ ಲಯವನ್ನು ಕಣ್ಣಿಗೆ ಕಾಣಿಸಿತು. ತಂತ್ರವೂ ನಾದವೂ ಹೀಗೆ ಒಂದಾದಲ್ಲಿ ವಾದಕ್ಕೆ ಎಡೆ ಕಡಿಮೆ.

೩

ತೀರ್ಪಿಗಿಂತ ಹಿಂದಿನ ಪ್ರಶ್ನೆಯೊಂದಿದೆ: ಕಣದೊಳಕ್ಕೆ ಬರಲು ಯಾರಿಗೆ ಅವಕಾಶ? ಎಂ.ಟಿ.ವಿ.ಯ ಮೊದಲ ವರ್ಷಗಳಲ್ಲಿ ಕರಿಯ ಕಲಾವಿದರ ಚಿತ್ರಗಳು ಅದರಲ್ಲಿ ಅತಿ ವಿರಳವಾಗಿದ್ದುವು. ಹೀಗೇಕೆಂದು ಡೇವಿಡ್ ಬೋವಿ ಎಂಬ ಬಿಳಿಯ ಗಾಯಕನು ೧೯೮೩ರಲ್ಲಿ ಆ ವಾಹಿನಿಯ ಸಂದರ್ಶನದಲ್ಲಿಯೇ ಕೇಳಿದನು. ಅದೇ ವರ್ಷ ಜ್ಯಾಕ್ಸನ್ನನ ‘ಬಿಲ್ಲಿ ಜೀನ್’ ಬಿತ್ತರಗೊಂಡು ಬಾಗಿಲು ಸಡಿಲಿತು. ‘ರಾಕಿಟ್’ನಲ್ಲಿ ಸ್ವತಃ ಹ್ಯಾನ್ಕಾಕನು ಕಾಣುವುದು ಮನೆಯೊಳಗಿನ ದೂರದರ್ಶನ ಪೆಟ್ಟಿಗೆಯಲ್ಲಿ ಮಾತ್ರ. ಐದು ಪ್ರಶಸ್ತಿಗಳ ಕೃತಿಯಲ್ಲಿ ಕೃತಿಕಾರನ ಮುಖಕ್ಕೆ ದೊರೆತ ಸ್ಥಳ ಅಷ್ಟು. ಪುರಸ್ಕಾರದ ಪಟ್ಟಿಯನ್ನು ಓದುವಾಗ ಅದರಲ್ಲಿ ಇಲ್ಲದ ಹೆಸರುಗಳನ್ನೂ ಓದಬೇಕು.

ತೀರ್ಪನ್ನು ಜನರಿಗೇ ಬಿಟ್ಟರೆ ನ್ಯಾಯ ದೊರಕೀತೇ? ೨೦೦೬ರಿಂದೀಚೆಗೆ ಆ ಪ್ರಶಸ್ತಿಗಳ ಮುಖ್ಯ ವಿಭಾಗಗಳಲ್ಲಿ ಪ್ರೇಕ್ಷಕರ ಮತವೇ ಪ್ರಧಾನವಾಯಿತು. ಯೂಟ್ಯೂಬ್ ಬಂದ ಮೇಲೆ ನೋಟಗಳ ಎಣಿಕೆಯೂ ಒಂದು ಮಾನವಾಯಿತು. ಕೊರಿಯಾದ ‘ಗಂಗ್ನಮ್ ಸ್ಟೈಲ್’ ೨೦೧೨ರ ಡಿಸೆಂಬರಿನಲ್ಲಿ ಅಲ್ಲಿ ೧೦೦ ಕೋಟಿ ನೋಟಗಳನ್ನು ದಾಟಿದ ಮೊದಲ ಚಿತ್ರವಾಯಿತು. ಎಣಿಕೆಯಿಂದ ಬಾಗಿಲು ಅಗಲವಾಯಿತೆಂಬುದು ನಿಜ. ಎಣಿಕೆಯು ಗುಣದ ಬೆಲೆಕಟ್ಟುವುದೆಂಬುದು ಮಾತ್ರ ನಿಜವಲ್ಲ.

೪

ಮೇಲೆ ಹೇಳಿದ ಅಳತೆಗೋಲನ್ನು ನಮ್ಮದೇ ಹಾಡೊಂದಕ್ಕೆ ಹಿಡಿದು ನೋಡಬಹುದು. ವ್ಯಾಸರಾಯರದೆಂದು ಪ್ರಸಿದ್ಧವಾದ ‘ಕೃಷ್ಣಾ ನೀ ಬೇಗನೆ ಬಾರೋ’ ಎಂಬ ದೇವರನಾಮವು ಒಂದಕ್ಕಿಂತ ಹೆಚ್ಚು ಬಾರಿ ಕ್ಯಾಮರಾದ ಮುಂದೆ ಬಂದಿದೆ. ೧೯೭೬ರಲ್ಲಿ ಸತ್ಯಜಿತ್ ರಾಯ್ ತಾವು ತೆಗೆದ ‘ಬಾಲಾ’ ಎಂಬ ಸಾಕ್ಷ್ಯಚಿತ್ರದಲ್ಲಿ ಬಾಲಸರಸ್ವತಿಯವರು ಕಡಲದಡದಲ್ಲಿ ಇದನ್ನು ಅಭಿನಯಿಸುವುದನ್ನು ಸೆರೆಹಿಡಿದರು. ಕರೆಯುವ ಒಂದೇ ಪಲ್ಲವಿಯು ಅಲ್ಲಿ ಮುದ್ದಾಗುತ್ತದೆ, ಗದರಿಕೆಯಾಗುತ್ತದೆ, ಮಗುವಿನ ಬಾಯಲ್ಲಿ ಜಗತ್ತನ್ನು ಕಂಡ ತಾಯಿಯ ಬೆರಗಾಗುತ್ತದೆ. ಹಾಡಿನಲ್ಲಿ ಇದ್ದುದೆಲ್ಲವೂ ಕಣ್ಣಿಗೆ ಬಂದಿತು.

೧೯೯೬ರಲ್ಲಿ ಹರಿಹರನ್ ಮತ್ತು ಲೆಸ್ಲೀ ಲೂಯಿಸ್ ಅವರ ಕಲೋನಿಯಲ್ ಕಸಿನ್ಸ್ ಜೋಡಿ ಇದೇ ಪಲ್ಲವಿಯನ್ನು ಇಂಗ್ಲಿಷ್ ನುಡಿಗಳೊಡನೆ ಹೆಣೆಯಿತು. ಸಂಗೀತವಾಹಿನಿಗಳ ಮೂಲಕ ಅದು ಮನೆಮಾತಾಯಿತು. ತಾಯಿಯ ಕರೆಯು ಅಲ್ಲಿ ನೊಂದ ಲೋಕದ ಮೊರೆಯಾಯಿತು. ಅರ್ಥದ ಈ ವಿಸ್ತಾರವನ್ನು ನಾನು ಆಕ್ಷೇಪಿಸಲಾರೆ. ಆದರೆ ಆ ಪಲ್ಲವಿಯನ್ನು ಗುನುಗಿದವರಲ್ಲಿ ಅನೇಕರಿಗೆ ಅದು ಕನ್ನಡವೆಂಬುದೇ ತಿಳಿಯದು. ಚಿತ್ರದ ಬೆಡಗನ್ನೋ ಜನಪ್ರಿಯತೆಯನ್ನೋ ಮಾತ್ರ ತೂಗಿದಾಗ ಲೆಕ್ಕದಿಂದ ಮೊದಲು ಬಿದ್ದುಹೋಗುವ ಬಾಬು ನುಡಿ. ಪರಸ್ಥಳದಲ್ಲಿ ನೆಲಸಿದ ಕನ್ನಡಿಗರಿಗೆ ಈ ನಷ್ಟದ ಅರಿವು ಹೆಚ್ಚು.

ಹೀಗೆ ನೋಡಿದರೆ ವರ್ಷದ ಶ್ರೇಷ್ಠ ಗೀತಚಿತ್ರದ ವಾದವು ಬರಿಯ ಹರಟೆಯಲ್ಲ. ಯಾವುದನ್ನು ಉಳಿಸಿಕೊಳ್ಳಬೇಕು, ಯಾರ ಹೆಸರಿನಲ್ಲಿ ಉಳಿಸಿಕೊಳ್ಳಬೇಕು ಎಂಬ ನಿರ್ಣಯವು ಅದರಲ್ಲಿ ಅಡಗಿದೆ. ಪ್ರಶಸ್ತಿ ಯಾರಿಗೇ ಸಲ್ಲಲಿ, ವಾಚಕರು ಒಮ್ಮೆ ಚಿತ್ರವನ್ನು ನೋಡಿ, ಅನಂತರ ಕಣ್ಣು ಮುಚ್ಚಿ ಹಾಡನ್ನು ಕೇಳಿ, ಅದು ಏನನ್ನು ಗಳಿಸಿತು, ಏನನ್ನು ಕಳೆದುಕೊಂಡಿತು ಎಂಬುದನ್ನು ತಾವೇ ಲೆಕ್ಕಹಾಕಿ ನೋಡಲಿ.